ಮುಟ್ಟಿದ ಸುದ್ದಿ ಬರುವವರೆಗೆ ಕಸ ಗುಡಿಸುವಂತಿಲ್ಲ

ಕಸಬರಿಗೆ ಬಾಗಿಲ ಹಿಂದೆ ನಿಂತಿದೆ. ನಾನು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದೇನೆ. ನಮ್ಮಿಬ್ಬರ ನಡುವೆ ಕಸ ಬಿದ್ದಿದೆ. ಬೆಳಿಗ್ಗೆ ನನ್ನ ನಾದಿನಿ ನ್ಯಾಮತಿಗೆ ಹೊರಟುಹೋದಳು. ಅವಳು ಹೊನ್ನಾಳಿಯಲ್ಲಿ ಇಳಿದು, ಇನ್ನೊಂದು ಬಸ್ಸು ಕಾದು, ನ್ಯಾಮತಿ ಮುಟ್ಟಿ, ಚಪ್ಪಲಿ ಬಿಟ್ಟು, ಒಂದು ಲೋಟ ನೀರು ಕುಡಿದು, "ಮುಟ್ಟಿದೆ" ಅಂತ ಫೋನ್ ಮಾಡಬೇಕು. ಅಲ್ಲಿಯವರೆಗೆ ಈ ಮನೆಯಲ್ಲಿ ಯಾರೂ ಕಸಬರಿಗೆ ಹಿಡಿಯುವಂತಿಲ್ಲ. ವಾರದಲ್ಲಿ ನನಗೆ ಸಿಗುವುದು ಒಂದೇ ಭಾನುವಾರ. ಆ ಭಾನುವಾರವನ್ನೇ ಹುಡುಕಿಕೊಂಡು ನಮ್ಮ ನೆಂಟರೆಲ್ಲ ಊರಿಗೆ ಹೊರಡುತ್ತಾರೆ. ಸಾಕಪ್ಪಾ ಸಾಕು.

ನಿಮ್ಮ ಮನೆಯಲ್ಲೂ ಈ ಶಾಸ್ತ್ರ ಇದ್ದೀತು. ಊರಿಗೆ ಹೊರಟವರ ಬೆನ್ನಿಗೇ ಕಸ ಗುಡಿಸಬಾರದು. ಆದರೆ ಕೆಲವರ ಮನೆಯಲ್ಲಿ ಹೊರಟವರು ಬೀದಿಯ ತಿರುವು ದಾಟಿದರೆ ಸಾಕು, ಇನ್ನು ಕೆಲವರಲ್ಲಿ ಬಸ್ಸು ಹತ್ತಿದರೆ ಸಾಕು. ನನ್ನ ಅತ್ತೆ ಗೌರಮ್ಮನವರ ಕಾಯಿದೆಯಲ್ಲಿ ಅಂಥ ರಿಯಾಯಿತಿ ಇಲ್ಲ. ಹೋದವರು ಊರು ಮುಟ್ಟಿದ ಸುದ್ದಿ ಬರಬೇಕು. ಆಮೇಲೆ ಕಸಬರಿಗೆ.

ಹಾಗಂತ ಅವರು ತೀರಾ ಕಟುಕರೇನಲ್ಲ. ಕಾಯಿದೆಗೆ ತಿದ್ದುಪಡಿಗಳೂ ಇವೆ. ನಾನು ಕತ್ತಲಗೆರೆ ಕಡೆಯ ಒಂದು ಶಾಲೆಯಲ್ಲಿ ಟೀಚರು, ದಿನಾ ಚನ್ನಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರುವವಳು. ನನಗೆ ಇದು ಅನ್ವಯಿಸುವುದಿಲ್ಲ. "ಸಂಜಿಕೆ ವಾಪಸ್ ಬರೋರು ಊರಿಗೆ ಹೋದಂಗಲ್ಲ" ಎಂದು ಅತ್ತೆ ತೀರ್ಪು ಕೊಟ್ಟಿದ್ದಾರೆ. ಎರಡನೆಯದಾಗಿ, ಹೊರಗಿನವರಿಗೂ ಇದು ಇಲ್ಲ. ಇನ್ಶೂರೆನ್ಸ್‌ನವನೊಬ್ಬ ಆಗಾಗ ದಾವಣಗೆರೆಯಿಂದ ಬಂದು ಚಹಾ ಕುಡಿದು ಹೋಗುತ್ತಾನೆ. ಅವನ ಸ್ಕೂಟರ್ ಇನ್ನೂ ಸ್ಟಾರ್ಟ್ ಆಗಿರುವುದಿಲ್ಲ, ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ಗುಡಿಸು ಗುಡಿಸು. ಎಷ್ಟು ಮಣ್ಣು ತಂದಿದಾನೆ ನೋಡು!"

"ಪಾಪ, ಅವರು ದಾವಣಗೆರೆ ಮುಟ್ಟಬೇಡವಾ ಅತ್ತೆ?" ಎಂದು ನಾನೊಮ್ಮೆ ಕಿಚಾಯಿಸಿದ್ದೆ.

"ಅವನೇನು ನಮ್ಮೋನಾ, ಮುಟ್ಟಿದ್ನೋ ಇಲ್ವೋ ಅಂತ ಕಾಯಾಕೆ?"

ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಒಮ್ಮೆ ಮನೆಗೆ ಊಟಕ್ಕೆ ಬಂದಿದ್ದರು. ಅತ್ತೆ ಅವರಿಗೆ ಎರಡೆರಡು ಸಲ ತುಪ್ಪ ಬಡಿಸಿದರು, ಗೇಟಿನವರೆಗೂ ಹೋಗಿ ಕಳಿಸಿ ಬಂದರು. ಬಂದವರೇ "ಹೂಂ, ಗುಡಿಸು" ಅಂದರು. ಎಷ್ಟು ದೊಡ್ಡ ಮನುಷ್ಯರಾದರೂ ಅಷ್ಟೇ. ನಮ್ಮವರಿಗೆ ಮಾತ್ರ ಕಸ ಕಾಯುತ್ತದೆ.

ನಮ್ಮವರೋ, ಲೆಕ್ಕಕ್ಕೆ ಸಿಗದಷ್ಟಿದ್ದಾರೆ. ನಮ್ಮ ಮನೆ ಇರುವುದು ಚನ್ನಗಿರಿ ಬಸ್‌ಸ್ಟ್ಯಾಂಡಿಗೆ ನಡೆಯುವ ದೂರದಲ್ಲಿ. ಶಿವಮೊಗ್ಗದ ಆಸ್ಪತ್ರೆಗೆ ಹೋಗುವವರು, ಅಡಿಕೆ ಮಂಡಿಗೆ ಬಂದವರು, ತಾಲ್ಲೂಕು ಆಫೀಸಿನಲ್ಲಿ ಸಾಹೇಬರು ಸಿಗದೆ ನಾಳೆ ಬಾ ಅನ್ನಿಸಿಕೊಂಡವರು, ಎಲ್ಲರೂ ನಮ್ಮಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡುತ್ತಾರೆ. ಹೊರಡುವ ಮೊದಲು ಮಂಡಕ್ಕಿ ಒಗ್ಗರಣೆ ತಿನ್ನುತ್ತಾರೆ. ಮಂಡಕ್ಕಿ ತಿನ್ನುವ ಮನುಷ್ಯ ಎಷ್ಟೇ ನಾಜೂಕಿನವನಾದರೂ ನಾಲ್ಕು ಕಾಳು ಕೆಳಗೆ ಚೆಲ್ಲದೆ ಏಳಲಾರ. ಆ ನಾಲ್ಕು ಕಾಳು ನನ್ನ ಕಾಲಿಗೆ ಸಿಕ್ಕಿ ಪುಡಿಯಾಗಿ, ಆ ಪುಡಿ ಅಡುಗೆಮನೆಯವರೆಗೂ ಬಂದು, ಮಧ್ಯಾಹ್ನ ಫೋನ್ ಬರುವವರೆಗೂ ನಾನು ಅದನ್ನು ನೋಡುತ್ತಾ ಕೂತಿರಬೇಕು. ಮದುವೆಯಾದಾಗಿನಿಂದ ಇದೇ ನಡೆದಿದೆ. ಸೊಂಟ ಬಗ್ಗಿಸಿ ಗುಡಿಸಿದ್ದಕ್ಕಿಂತ ಗುಡಿಸದೆ ಕಾದೇ ನಾನು ಹೆಚ್ಚು ದಣಿದಿದ್ದೇನೆ.

ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿ ಈ ಶಾಸ್ತ್ರ ಇಷ್ಟು ಬಿಗಿಯಾಗಿರಲಿಲ್ಲ. ನಮ್ಮದು ಬಯಲು ಸೀಮೆ ನೋಡಿ, ಬಸ್ಸು ಹೊರಟರೆ ಬಹಳ ದೂರದವರೆಗೆ ಕಾಣುತ್ತಿತ್ತು. ಬಸ್ಸು ಮರೆಯಾದ ಮೇಲೂ ಅದು ಎಬ್ಬಿಸಿದ ಧೂಳು ಸ್ವಲ್ಪ ಹೊತ್ತು ಕಾಣುತ್ತಿತ್ತು. ಅವ್ವ ಸೆರಗನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದಳು. ಧೂಳು ಕೂತ ಮೇಲೆ ಒಳಗೆ ಬಂದು ಗುಡಿಸುತ್ತಿದ್ದಳು. ನಾವು ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದೆವು. ಅಪ್ಪ ಜಗಳೂರು ಸಂತೆಗೆ ಹೊರಟ ಕೂಡಲೇ ಮಾಳಿಗೆ ಹತ್ತಿ ಧೂಳು ನೋಡುತ್ತಾ, "ಅವ್ವಾ, ಇನ್ನೂ ಐತೆ... ಇನ್ನೂ ಐತೆ... ಹೋತು!" ಎಂದು ಕೂಗುವುದು. "ಹೋತು" ಅಂದ ತಕ್ಷಣ ಕೆಳಗೆ ಪರಪರ ಸದ್ದು ಶುರುವಾಗುತ್ತಿತ್ತು. ಎಷ್ಟು ಸುಲಭದ ಕಾಯಿದೆ! ಅದನ್ನೇ ನಂಬಿಕೊಂಡು ನಾನು ಚನ್ನಗಿರಿಗೆ ಸೊಸೆಯಾಗಿ ಬಂದೆ.

ಬಂದ ಎರಡನೇ ದಿನವೇ ನನ್ನನ್ನು ಬಿಡಲು ಬಂದಿದ್ದ ಅಣ್ಣ ಊರಿಗೆ ಹೊರಟ. ಅವನ ಬಸ್ಸು ತಿರುಗಿದ್ದೇ ತಡ, ಹೊಸ ಸೊಸೆ ಚುರುಕು ಅನ್ನಿಸಿಕೊಳ್ಳುವ ಆಸೆಯಿಂದ ನಾನು ಕಸಬರಿಗೆ ಹಿಡಿದೆ. ಅತ್ತೆ ನನ್ನ ಕೈ ಹಿಡಿದರು. "ಯಾರವ್ವ ನಿನಗೆ ಇದನ್ನ ಕಲಿಸಿದ್ದು? ಹೋಗಿದ್ದು ನಿನ್ನ ಅಣ್ಣ ಅಲ್ವಾ?" ಅಂದರು. ನನಗೆ ಅವಮಾನವಾಯಿತು. ಹಿತ್ತಿಲಿಗೆ ಹೋಗಿ ಕಣ್ಣೀರು ಹಾಕಿದೆ. ಮುಂದಿನ ಸಲ ತವರಿಗೆ ಹೋದಾಗ ಅವ್ವನ ಮುಂದೆ ಹೇಳಿಕೊಂಡೆ. ಅವ್ವ ರೊಟ್ಟಿ ತಟ್ಟುತ್ತಲೇ ಇದ್ದಳು. ಪಕ್ಕದ ಮನೆಯ ದೊಡ್ಡವ್ವ ನಕ್ಕು, "ನಿಮ್ಮವ್ವನೇನು ಕಮ್ಮಿನಾ? ನಿನ್ನ ಕಳಿಸಿದ ದಿನ ಧೂಳು ಹೋತು, ಹೊತ್ತೂ ಮುಳುಗ್ತು. ಈಕೆ ಮಾತ್ರ ಕಸಬರಿಗೆ ಮುಟ್ಟಲಿಲ್ಲ. ನಿಮ್ಮಣ್ಣ ಬಂದು 'ಮುಟ್ಟಿಸಿ ಬಂದೆ' ಅಂದ ಮ್ಯಾಲೇನೇ ಗುಡಿಸಿದ್ದು" ಅಂದಳು. ಅದಾದ ಮೇಲೆ ಅತ್ತೆಯ ಜೊತೆ ಈ ವಿಷಯಕ್ಕೆ ನಾನು ಜಗಳ ಆಡಿದ್ದಿಲ್ಲ. ಗೊಣಗಿದ್ದೇನೆ, ಅದು ಬೇರೆ.

ಬಸ್ಸಿನ ಕಾಲಕ್ಕೆ ಸರಿಹೊಂದಿದ್ದ ಈ ಕಾಯಿದೆಗೆ ವಿಮಾನ ಬಂದು ಅಡ್ಡ ಬಿತ್ತು. ಅದಕ್ಕೆ ಕಾರಣ ನನ್ನ ಮೈದುನ ಹಾಲೇಶ.

ಹಾಲೇಶ ಬೋರ್‌ವೆಲ್ ಲಾರಿಯಲ್ಲಿ ಕೊರೆಯುವ ಮೆಷಿನ್ ನಡೆಸುವವನು. ಹೊನ್ನಾಳಿಯಿಂದ ಜಗಳೂರಿನವರೆಗೆ ಅವನು ತೂತು ಹಾಕದ ಊರು ಕಡಿಮೆ. ಸೊಕ್ಕೆಯಲ್ಲಿ ನಮ್ಮಣ್ಣನ ಹೊಲದಲ್ಲೂ ಕೊರೆದ. ಬೆಳಗಿನಿಂದ ಸಂಜೆಯವರೆಗೆ ಬಿಳಿ ಹಿಟ್ಟಿನಂಥ ಧೂಳು ಎದ್ದಿತೇ ಹೊರತು ಒಂದು ತಂಬಿಗೆ ನೀರು ಬರಲಿಲ್ಲ. ಅಣ್ಣ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ನಿಂತು, "ಇರ್ಲಿ ಬಿಡು ಹಾಲೇಶಿ, ನೀನೇನು ಮಾಡ್ತೀಯ" ಎಂದು ಇವನಿಗೇ ಸಮಾಧಾನ ಹೇಳಿ ರೊಟ್ಟಿ ಊಟ ಹಾಕಿಸಿದ. ಹಾಲೇಶನ ಸ್ವಭಾವವೇ ಹಾಗೆ. ಅವನ ಮುಖ ನೋಡಿದರೆ ಯಾರಿಗೂ ಬೈಯಲು ಬರುವುದಿಲ್ಲ. ಆದರೆ ಹೆಣ್ಣು ಕೊಡಲೂ ಯಾರಿಗೂ ಮನಸ್ಸು ಬರಲಿಲ್ಲ. ಲಾರಿಯ ಕೆಳಗೆ ಮಲಗುವವನು, ಮನೆಗೆ ಬಂದರೆ ಕಿವಿ ಮಂದವಾಗಿ ಕೂಗಿ ಮಾತಾಡುವವನು. ಬಂದ ಸಂಬಂಧಗಳೆಲ್ಲ ಚಹಾ ಕುಡಿದು "ಹೋಗಿ ಹೇಳಿ ಕಳಸ್ತೀವಿ" ಎಂದು ಹೋದವು. ಒಬ್ಬರೂ ಹೇಳಿ ಕಳಿಸಲಿಲ್ಲ. ವಯಸ್ಸು ಮೂವತ್ತೈದು ದಾಟಿತು. ಅತ್ತೆ ದೇವರ ಮುಂದೆ ಕೂತರೆ ಅವನ ಹೆಸರು ಬಿಟ್ಟು ಬೇರೆ ಹೇಳುತ್ತಿರಲಿಲ್ಲ.

ಹೀಗಿರುವಾಗ ಅವನಿಗೆ ಆಫ್ರಿಕಾದ ಜಾಂಬಿಯಾದಲ್ಲಿ ಬೋರ್ ಕೊರೆಯುವ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಹೊನ್ನಾಳಿಯಿಂದ ಒಂದು ಸಂಬಂಧವೂ ಬಂತು. ಹುಡುಗಿ ಪುಷ್ಪಾ, ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಇಬ್ಬರೂ ನೋಡಿದರು, ಒಪ್ಪಿದರು. ಇವನು ಕೂಗಿ ಮಾತಾಡಿದ್ದಕ್ಕೆ ಅವಳು ನಕ್ಕಳಂತೆ. "ನಮ್ಮ ಮೆಷಿನ್ ಸದ್ದಿನಾಗೂ ಕೇಳ್ತೈತೆ ಬಿಡ್ರಿ" ಅಂದಳಂತೆ. ಇನ್ನು ಉಳಿದದ್ದು ಹುಡುಗಿಯ ಕಡೆಯ ಹಿರಿಯರು ಬಂದು ನಮ್ಮ ಮನೆ ನೋಡುವುದು. ಅದಕ್ಕೆ ಭಾನುವಾರ ಗೊತ್ತಾಯಿತು. ಅಷ್ಟರಲ್ಲಿ ಕೆಲಸ ಕೊಟ್ಟವರಿಂದ ಟಿಕೆಟ್ಟೂ ಬಂತು. ಶುಕ್ರವಾರವೇ ಮನೆ ಬಿಡಬೇಕು. ಹುಡುಗ ಇಲ್ಲದಿದ್ದರೂ ಪರವಾಗಿಲ್ಲ, ಅವನನ್ನು ನೋಡಾಗಿದೆ, ಮನೆ ನೋಡಲು ಬಂದೇ ಬರುತ್ತೇವೆ ಎಂದು ಹೊನ್ನಾಳಿಯವರು ಹೇಳಿ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಹಾಲೇಶ ಹೊರಟ. ಚಟ್ನಿಪುಡಿ ಕಟ್ಟಿದ್ದು, ಶೇಂಗಾ ಉಂಡೆ ಕಟ್ಟಿದ್ದು, ಬ್ಯಾಗಿನ ತೂಕ ಹೆಚ್ಚಾಯಿತೆಂದು ಎಲ್ಲ ತೆಗೆದು ಮತ್ತೆ ತುಂಬಿದ್ದು, ಪಡಸಾಲೆ ತುಂಬ ಶೇಂಗಾ ಸಿಪ್ಪೆ, ದಾರದ ತುಂಡು, ಹರಿದ ಪ್ಲಾಸ್ಟಿಕ್ಕು. ಎಲ್ಲದರ ಮೇಲೆ ಮಂಡಕ್ಕಿ. ಅವನು ಅತ್ತೆಯ ಕಾಲಿಗೆ ಬಿದ್ದ. "ಹೋಗಿ ಬಾ, ಮುಟ್ಟಿದ ಕೂಡ್ಲೆ ಫೋನ್ ಮಾಡು" ಅಂದರು ಅತ್ತೆ. ಬೆಂಗಳೂರಿನ ಬಸ್ಸು ಹೋಯಿತು. ಅತ್ತೆ ಗೇಟು ಹಾಕಿ ಒಳಗೆ ಬಂದು, ನೆಲ ನೋಡಿದರು, ನನ್ನ ಮುಖ ನೋಡಿದರು.

"ಭಾನುವಾರ ಬೀಗರಾಗೋರು ಬರ್ತಾರೆ ಅತ್ತೆ" ಅಂದೆ.

"ಗೊತ್ತೈತೆ" ಅಂದರು.

ಅವರ ಕಷ್ಟ ನನಗೆ ಅರ್ಥವಾಯಿತು. ಗುಡಿಸದಿದ್ದರೆ, ಇಂಥ ಗಲೀಜು ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಈ ಸಂಬಂಧ ತಪ್ಪಿದರೆ ಇನ್ನೊಂದು ಬರುವುದು ಅನುಮಾನ. ಗುಡಿಸಿದರೆ, ಮಗ ಇನ್ನೂ ದಾರಿಯಲ್ಲಿದ್ದಾನೆ. ಅದೂ ಎಂಥ ದಾರಿ? ಮಣ್ಣೂ ಇಲ್ಲ ಟಾರೂ ಇಲ್ಲ.

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಬಂತು. ವಿಮಾನ ಹತ್ತುತ್ತಿದ್ದೇನೆ ಎಂದು ಇಡೀ ವಿಮಾನಕ್ಕೆ ಕೇಳುವಂತೆ ಕೂಗಿದ. ಫೋನ್ ಇಟ್ಟ ಕೂಡಲೇ ಅತ್ತೆ ಮೊಮ್ಮಗಳನ್ನು, ಅಂದರೆ ನನ್ನ ಮಗಳು ಸಹನಾಳನ್ನು ಹಿಡಿದರು.

"ನಿನ್ನ ಫೋನಿನಾಗೆ ಎಲ್ಲ ಬರ್ತೈತಲ್ಲ, ನಿಮ್ಮ ಚಿಕ್ಕಪ್ಪ ಎಷ್ಟೊತ್ತಿಗೆ ಮುಟ್ತಾನೆ ನೋಡೇ."

ಸಹನಾ ನೋಡಿದಳು. ಯಾವ ಎರಡು ಏರ್‌ಪೋರ್ಟಿನ ಹೆಸರು ಹಾಕಿದರೂ ನಡುವಿನ ದೂರ, ಹಿಡಿಯುವ ಹೊತ್ತು ಎರಡನ್ನೂ ಹೇಳುವ ಒಂದು ಪುಟ ಅದು. ಹಾಲೇಶ ಅಡಿಸ್ ಅಬಾಬಾ ಎಂಬಲ್ಲಿ ಇಳಿದು, ಇನ್ನೊಂದು ವಿಮಾನ ಹಿಡಿದು ಲುಸಾಕಾಗೆ ಹೋಗಬೇಕಿತ್ತು. ಅತ್ತೆ ಆ ಹೆಸರುಗಳ ಗೋಜಿಗೆ ಹೋಗಲಿಲ್ಲ. ಒಂದು ನಡುವಿನ ಊರು, ಇನ್ನೊಂದು ಕಡೇ ಊರು, ಅಷ್ಟೇ.

"ನಡುವಿನ ಊರಿಗೆ ಆರೂವರೆ ತಾಸು ಅಜ್ಜಿ. ಅಲ್ಲಿಂದ ಕಡೇ ಊರಿಗೆ ಮೂರು ಸಾವಿರ ಕಿಲೋಮೀಟರಿಗೆ ಹತ್ರ. ನಾಲ್ಕು ತಾಸು."

"ನಾಲ್ಕೇ ತಾಸಾ? ನಾಲ್ಕು ತಾಸಿನಾಗೆ ನಿಮ್ಮವ್ವನ ತವರು ಮುಟ್ಟಾಕೆ ಆಗಲ್ಲ!"

ಅದು ನಿಜವೇ. ಚನ್ನಗಿರಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು, ಜಗಳೂರಿನಿಂದ ಸೊಕ್ಕೆ. ಬಸ್ಸು ಓಡುವ ಹೊತ್ತು ನೋಡಿದರೆ ಏನೂ ಇಲ್ಲ. ಆದರೆ ನಾನು ಒಂದು ಸಲವೂ ನಾಲ್ಕು ತಾಸಿನಲ್ಲಿ ಅವ್ವನ ಮನೆ ಸೇರಿಲ್ಲ. ದಾವಣಗೆರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಹೊತ್ತು, ಜಗಳೂರಿನಲ್ಲಿ "ಈಗ ಬರ್ತೈತೆ ಈಗ ಬರ್ತೈತೆ" ಎಂದು ನಿಂತ ಹೊತ್ತು, ಅದೇ ನಿಜವಾದ ಪ್ರಯಾಣ. ಉಳಿದದ್ದು ಸುಮ್ಮನೆ ಕಿಟಕಿ ನೋಡುವುದು. ಫೋನಿನ ಪುಟಕ್ಕೆ ಕಲ್ಲುಬೆಂಚು ಗೊತ್ತಿಲ್ಲ. ಅದು ಎರಡು ಚುಕ್ಕಿ ಇಟ್ಟು ಗೆರೆ ಎಳೆದು ಹೊತ್ತು ಹೇಳುತ್ತದೆ. ಇದನ್ನೆಲ್ಲ ನಾನು ಈಗ ಇಷ್ಟು ಚೆನ್ನಾಗಿ ಹೇಳುತ್ತಿದ್ದೇನೆ. ಅವತ್ತು ನನಗೂ ಹೊಳೆಯಲಿಲ್ಲ. ಹತ್ತೂವರೆ ತಾಸು, ಸಂಜೆಯೊಳಗೆ ಮುಟ್ಟುತ್ತಾನೆ ಎಂದು ಮೂರು ತಲೆಮಾರಿನ ಹೆಂಗಸರು ಕೂಡಿ ಲೆಕ್ಕ ಹಾಕಿದೆವು.

ಸಂಜೆಯಾಯಿತು. ಫೋನ್ ಬರಲಿಲ್ಲ. ದೀಪ ಹಚ್ಚಿದ ಮೇಲೆ ಹೇಗೂ ಗುಡಿಸುವಂತಿಲ್ಲ, ಅದಕ್ಕೆ ಬೇರೆಯೇ ಶಾಸ್ತ್ರವಿದೆ. "ಹೊಸ ದೇಶ, ಸಿಮ್ ಹಾಕ್ಕೋಬೇಕು, ಬೆಳಿಗ್ಗೆ ಮಾಡ್ತಾನೆ" ಎಂದು ನಮ್ಮ ಮನೆಯವರು ಹೇಳಿ ಮಲಗಿದರು.

ಭಾನುವಾರ ಬೆಳಗಾಗುತ್ತಿದ್ದಂತೆ ಪರಪರ ಸದ್ದಿಗೆ ಎಚ್ಚರವಾಯಿತು. ಎದ್ದು ಬಂದು ನೋಡಿದರೆ ಅತ್ತೆ ಗುಡಿಸುತ್ತಿದ್ದಾರೆ! ಮೊಣಕಾಲು ನೋವಿನವರು, ಒಂದು ಕೈ ಗೋಡೆಗೆ ಊರಿಕೊಂಡು, ಮೂಲೆ ಮೂಲೆ ಬಿಡದೆ ಗುಡಿಸುತ್ತಿದ್ದಾರೆ.

"ಫೋನ್ ಬಂತಾ ಅತ್ತೆ?"

"ಇಲ್ಲ."

"ಮತ್ತೆ?"

"ನಿನ್ನೆ ಸಂಜಿಕೆ ಮುಟ್ತಾನೆ ಅಂದ್ರಲ್ಲ. ಅದರ ಮ್ಯಾಲೆ ಒಂದು ರಾತ್ರಿ ಬಿಟ್ಟಿದೀನಿ. ಅವನ ಮದುವೆ ಸಲುವಾಗೇ ಅಲ್ವೇನೆ ಗುಡಿಸೋದು? ದೇವರಿಗೆ ತಿಳೀತೈತೆ."

ನಾನು ಕಸಬರಿಗೆ ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ಗುಡಿಸಿದ ಕಸವನ್ನು ಹಳೆಯ ಮೊರಕ್ಕೆ ಎತ್ತಿದರು. ಆದರೆ ಹೊರಗೆ ಹಾಕಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒರಳಿನ ಹಿಂದೆ ಇಟ್ಟು, ಮೇಲೊಂದು ಗೋಣಿಚೀಲ ಮುಚ್ಚಿದರು. "ಮನಿ ಬಿಟ್ಟು ಹೋಗಿಲ್ಲಲ್ಲ. ಅವನು ಫೋನ್ ಮಾಡಿದ ಮ್ಯಾಲೆ ತಿಪ್ಪಿಗೆ ಹಾಕಿದ್ರಾತು" ಅಂದರು. ನಾನು ನೆಲ ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿದೆ. ಮನೆ ಥಳಥಳ ಅಂದಿತು. ಅತ್ತೆಯ ಮುಖ ಮಾತ್ರ ಹಾಗಿರಲಿಲ್ಲ.

ಹೊನ್ನಾಳಿಯಿಂದ ಮೂವರು ಬಂದರು. ಹುಡುಗಿಯ ಅಪ್ಪ, ಅವ್ವ, ದೊಡ್ಡಪ್ಪ. ದೊಡ್ಡಪ್ಪನೇ ಮುಂದಾಳು. ಗೋಡೆ ತಟ್ಟಿ ನೋಡಿದರು, ಹಿತ್ತಿಲ ನಲ್ಲಿ ತಿರುಗಿಸಿ ನೋಡಿದರು, ಮಾಳಿಗೆ ಸೋರುತ್ತದೆಯೇ ಎಂದು ಕೇಳಿದರು. ಆಮೇಲೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಕೇಳಿದರು: "ಹುಡುಗ ಆರಾಮಾಗಿ ಮುಟ್ಟಿದ್ರಾ?"

ನಮ್ಮ ಮನೆಯವರು ಕಣ್ಣು ಮಿಟುಕಿಸದೆ, "ಓ, ಆರಾಮಾಗಿ ಮುಟ್ಟಿದಾನ್ರಿ. ಬೆಳಿಗ್ಗೇನೆ ಮಾತಾಡಿದ" ಅಂದರು.

ನಾನು ಚಹಾದ ತಟ್ಟೆ ಮುಂದೆ ಹಿಡಿದೆ. ಇಲ್ಲ ಅನ್ನುವುದಾದರೂ ಹೇಗೆ? ಹೊರಟ ಮೂರನೇ ದಿನ ಸುದ್ದಿಯಿಲ್ಲದ ಹುಡುಗನಿಗೆ ಯಾರು ಮಗಳನ್ನು ಕೊಡುತ್ತಾರೆ? ದೊಡ್ಡಪ್ಪ ಎಷ್ಟು ದೂರ ಎಂದು ವಿಚಾರಿಸಿದರು. ಸಹನಾ ಪಾಠ ಒಪ್ಪಿಸುವಂತೆ ಕಿಲೋಮೀಟರು, ತಾಸು ಎಲ್ಲ ಒಪ್ಪಿಸಿದಳು. "ಹಂಗಾದ್ರೆ ಹತ್ರಾನೇ ಐತೆ" ಎಂದು ದೊಡ್ಡಪ್ಪ ತಲೆದೂಗಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮಗನ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು. ಉಪ್ಪಿಟ್ಟು ತರುತ್ತಾರೆ ಅಂದುಕೊಂಡೆ. ತಂದದ್ದು ಮೊರ. ಗೋಣಿಚೀಲ ತೆಗೆದಿತ್ತು. ಪಡಸಾಲೆಯ ನಡುವೆ ಬಂದು, ಒಂದು ಹಿಡಿ ಕಸ ತೆಗೆದು, ಬಿತ್ತನೆ ಮಾಡುವವರ ಹಾಗೆ ನೆಲಕ್ಕೆ ಹರಡಿದರು. ಶೇಂಗಾ ಸಿಪ್ಪೆ, ದಾರದ ತುಂಡು, ಮಂಡಕ್ಕಿ. ಇನ್ನೊಂದು ಹಿಡಿ ತೆಗೆದರು.

"ಅಮ್ಮಾ! ಏನು ಮಾಡ್ತಿದೀಯಾ?" ನಮ್ಮ ಮನೆಯವರು ಎದ್ದು ನಿಂತರು.

"ಸುಳ್ಳು ಹೇಳಬ್ಯಾಡ. ಅವನು ಮುಟ್ಟಿಲ್ಲ. ಮುಟ್ಟದೇನೆ ನಾನು ಗುಡಿಸಿಬಿಟ್ಟೆ."

"ಬೀಗರ ಮುಂದೆ ಇದೇನಮ್ಮಾ..."

ಅತ್ತೆಯ ಕೈ ನಿಲ್ಲಲಿಲ್ಲ. "ನಿಮ್ಮಪ್ಪನ್ನ ಎತ್ತಿಕೊಂಡು ಗೇಟು ದಾಟಿದ್ರಲ್ಲ, ಅವತ್ತು ನಿಂತ ಕಾಲಿನಾಗೆ ಮನಿ ಗುಡಿಸಿ ತೊಳೆದ್ರು. ನಾನಿನ್ನೂ ಆ ಮೂಲೆಯಾಗೆ ಕುಂತಿದ್ದೆ. ನನ್ನ ಸೀರೆ ಅಂಚು ಸರಿಸಿ ಗುಡಿಸಿದ್ರು. ಬೆನ್ನಿಗೇ ಗುಡಿಸೋದು ಹಂಗೆ ಹೋದೋರಿಗೆ ಮಾತ್ರ. ಅಂಥ ಗುಡಿಸೋದು ನನಗೆ ಒಂದು ಸಲ ಸಾಕು. ನನ್ನ ಮಗ ವಾಪಸ್ ಬರೋನು."

ಇಷ್ಟು ವರ್ಷ ನಾನು ಇದನ್ನು ಕೇಳಿಯೇ ಇರಲಿಲ್ಲ. ಶಾಸ್ತ್ರ ಅಂದರು, ಶಾಸ್ತ್ರ ಅಂತಲೇ ಗೊಣಗಿದೆ. ಮಾವ ಹೋದ ದಿನ ಬಕೆಟ್ಟುಗಟ್ಟಲೆ ನೀರು ಸುರಿದವರಲ್ಲಿ ನಾನೂ ಇದ್ದೆ. ದೊಡ್ಡಪ್ಪ ಚಹಾದ ಲೋಟ ಕೆಳಗಿಟ್ಟು ಹುಡುಗಿಯ ಅಪ್ಪನ ಮುಖ ನೋಡಿದರು. ಮುಗಿಯಿತು, ಇನ್ನು ಇವರು ಏಳುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಕಸ ಹರಡುತ್ತಾ ಹುಡುಗಿಯ ಅವ್ವನ ಕುರ್ಚಿಯ ಹತ್ತಿರ ಬಂದು, ಕೈಯಲ್ಲಿ ಹಿಡಿ ಕಸ ಹಿಡಿದುಕೊಂಡು ಸಂಕೋಚದಿಂದ ನಿಂತರು. ಆಕೆ ಅತ್ತೆಯ ಮುಖ ನೋಡಿದರು. ಆಮೇಲೆ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಎರಡೂ ಕಾಲು ಮೇಲಕ್ಕೆತ್ತಿದರು.

"ಇಲ್ಲೂ ಹಾಕ್ರಿ" ಅಂದರು. "ಹುಡುಗ ಯಾವತ್ತು ಹೊರಟಿದ್ದು?"

"ಶುಕ್ರವಾರ ಮಧ್ಯಾಹ್ನ ಕಣ್ರವ್ವಾ" ಎನ್ನುವಷ್ಟರಲ್ಲಿ ಅತ್ತೆಯ ದನಿ ಒಡೆಯಿತು.

"ಬರ್ತೈತೆ ಬಿಡ್ರಿ ಸುದ್ದಿ. ನಾವೂ ಕಾಯ್ತೀವಿ."

ದೊಡ್ಡಪ್ಪ "ಬಸ್ಸು..." ಅಂದರು. ಆಕೆ ಅವರ ಕಡೆ ತಿರುಗಲೂ ಇಲ್ಲ.

ಅವತ್ತಿನ ಮಧ್ಯಾಹ್ನವನ್ನು ನಾನು ಈಗಲೂ ಮರೆತಿಲ್ಲ. ಆ ಕಸದ ನಡುವೆಯೇ ಎಲೆ ಹಾಕಿ ಹೋಳಿಗೆ ಬಡಿಸಿದೆ. ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ಸಹನಾ ಫೋನಿನಲ್ಲಿ ಏನೇನೋ ಹುಡುಕಿದಳು. ಪುಟ ತೆಗೆದಾಗಲೆಲ್ಲ ಅದು ಅದೇ ನಾಲ್ಕು ತಾಸು ತೋರಿಸಿತು. ಹುಡುಗಿಯ ಅವ್ವ ಅತ್ತೆಯ ಪಕ್ಕ ಗೋಡೆಗೆ ಒರಗಿ ಕೂತು, ಹಾಲೇಶ ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳುತ್ತಾ, ಅವರನ್ನು ಮಾತಿಗೆ ಹಚ್ಚುತ್ತಾ ಇದ್ದರು. ಅಪ್ಪ ಮತ್ತು ದೊಡ್ಡಪ್ಪ ಜಗಲಿಯಲ್ಲಿ ಅಡಿಕೆ ರೇಟು ಮಾತಾಡಿ ಮುಗಿಸಿದರು. ನಾನು ಕಂಬಕ್ಕೆ ಆತು ಕೂತೆ. ಎಷ್ಟು ಜನರನ್ನು ಹೀಗೆ ಕಾದಿದ್ದೇನೆ ನನ್ನ ಜೀವಮಾನದಲ್ಲಿ! ಯಾರನ್ನೂ ಹೀಗೆ ಹೆದರಿ ಕಾದಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಬಂತು. ಹಿಂದೆ ಮುಂದೆ ಏನೇನೋ ಇದ್ದ ಉದ್ದನೆಯ ನಂಬರು. ಸ್ಪೀಕರ್ ಒತ್ತಿದೆ.

"ಅತ್ತಿಗೇ! ಮುಟ್ಟಿದೆ ರೀ!" ಇಡೀ ಬೀದಿಗೆ ಕೇಳಿತು. ಆ ಗಂಟಲು ನನಗೆ ಅಷ್ಟು ಇಷ್ಟವಾದದ್ದು ಅದೇ ಮೊದಲು.

"ಎಲ್ಲಿ ಹಾಳಾಗಿ ಹೋಗಿದ್ದೆಯೋ!" ಎಂದು ನಮ್ಮ ಮನೆಯವರು ಅಳುದನಿಯಲ್ಲಿ ಬೈದರು.

"ವಿಮಾನ ತಪ್ತಣ್ಣ. ನಡುವಿನ ಏರ್‌ಪೋರ್ಟಿನಾಗೆ ಕುಂತಿದ್ದೆ. ಎಲ್ಲರೂ ಸುಮ್ನೆ ಕುಂತಿದ್ರು, ನಾನೂ ಕುಂತೆ. ಯಾರೂ ಕೂಗಲೇ ಇಲ್ಲಣ್ಣ!"

"ಏನಂತ ಕೂಗಬೇಕಿತ್ತು?"

"ಲುಸಾಕಾ ಲುಸಾಕಾ ಲುಸಾಕಾ ಅಂತ! ನಮ್ಮ ದಾವಣಗೆರೆ ಬಸ್‌ಸ್ಟ್ಯಾಂಡಿನಾಗೆ ಹೊನ್ನಾಳಿ ಹೊನ್ನಾಳಿ ಹೊನ್ನಾಳಿ ಅಂತ ಕೂಗಲ್ವಾ, ಯಾರಾದ್ರೂ ಬಂದು ಕೂಗ್ತಾರೆ ಅಂತ ಕಾದೆ. ಇವರು ಗೋಡೆ ಮ್ಯಾಲೆ ಬರೆದು ಬಿಟ್ಟು ಹೊಂಟೇ ಹೋಗಿದಾರೆ. ಇವತ್ತಿನ ವಿಮಾನಕ್ಕೆ ಹತ್ತಿಸಿದ್ರು. ನನ್ನ ಸಿಮ್ಮು ಅಲ್ಲಿ ನಡೀಲಿಲ್ಲ. ಯಾರನ್ನ ಏನಂತ ಕೇಳಲಿ ಅಣ್ಣ?"

ಹುಡುಗಿಯ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಅತ್ತೆ ಫೋನಿಗೆ ಬಾಯಿ ಹಚ್ಚಿ, "ಉಂಡ್ಯೇನೋ?" ಎಂದು ಮಾತ್ರ ಕೇಳಿದರು. ಅವನು "ಉಂಡೆ ಕಣಮ್ಮಾ" ಅಂದ. ಅತ್ತೆ ಅಲ್ಲೇ ಕುಸಿದು ಕೂತು, ಮಗು ಅತ್ತ ಹಾಗೆ ಅತ್ತರು.

ಹೊನ್ನಾಳಿಯವರು ಹೊರಟು ನಿಂತರು. ಕುಂಕುಮ ಕೊಟ್ಟೆ. ದೊಡ್ಡಪ್ಪ ಗೇಟಿನ ಹತ್ತಿರ ಗಂಟಲು ಸರಿಮಾಡಿಕೊಂಡು, "ಊರಿಗೆ ಹೋಗಿ ಹೇಳಿ ಕಳಸ್ತೀವಿ" ಅಂದರು. ನಮ್ಮ ಮನೆಯವರ ಮುಖ ಬಾಡಿತು. ಆ ಮಾತಿನ ಅರ್ಥ ನಮಗೆ ಹೊಸದಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಮನೆ, ಅತಿಥಿಗಳ ಕಾಲಿಗೆ ಕಸ ಸುರಿದ ಮನೆ. ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ ಅವರ ಬೆನ್ನು ನೋಡುತ್ತಾ ನಿಂತು, ಒಳಗೆ ಬಂದೆ. ಹಾಲೇಶನಂತೂ ಮುಟ್ಟಿದ, ಅಷ್ಟು ಸಾಕು. ಬಾಗಿಲ ಹಿಂದಿನ ಕಸಬರಿಗೆ ತೆಗೆದುಕೊಂಡು ಸೊಂಟ ಬಗ್ಗಿಸಿದೆ.

"ಏ, ಏನು ಮಾಡ್ತೀಯಾ?" ಅತ್ತೆ ಕೂತಲ್ಲಿಂದಲೇ ಗದರಿದರು.

"ಹಾಲೇಶ ಮುಟ್ಟಿದನಲ್ಲ ಅತ್ತೆ!"

"ಅವನು ಮುಟ್ಟಿದ. ಅವರು ಹೊನ್ನಾಳಿ ಮುಟ್ಟಬ್ಯಾಡ್ವಾ?"

"ಅವರಿನ್ನೂ ಏನೂ ಹೇಳಿಲ್ಲ ಕಣಮ್ಮ" ಎಂದು ನಮ್ಮ ಮನೆಯವರು ಸೋತ ದನಿಯಲ್ಲಿ ಅಂದರು. "ಹೊರಗಿನೋರು ಅವರು."

"ಆಕೆ ಕಾಲೆತ್ತಿದ್ದು ನೀನು ನೋಡಲಿಲ್ವಾ?" ಅಂದರು ಅತ್ತೆ.

ಕಸಬರಿಗೆಯನ್ನು ಗೋಡೆಗೆ ಒರಗಿಸಿ ನಾನೂ ಅವರ ಪಕ್ಕ ಕೂತೆ. ಹೊತ್ತು ಮುಳುಗಿತು. ಸಹನಾ ದೇವರ ದೀಪ ಹಚ್ಚಿ ಬರುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಹುಡುಗಿಯ ಅವ್ವ.

"ಮುಟ್ಟಿದ್ವಿ ಕಣ್ರೀ" ಅಂದರು. "ನೀವು ಗುಡಿಸದೆ ಕುಂತಿರ್ತೀರಿ ಅಂತ ಬಂದ ಕಾಲಿನಾಗೇ ಮಾಡಿದೆ. ಇನ್ನ ಗುಡಿಸ್ಕೊಳ್ರಿ."

ಅತ್ತೆ ನನ್ನ ಕಡೆ ನೋಡಿದರು. ನಾನು ದೀಪದ ಕಡೆ ನೋಡಿದೆ. ದೀಪ ಹಚ್ಚಿದ ಮೇಲೆ ಗುಡಿಸುವಂತಿಲ್ಲ. ಬೆಳಿಗ್ಗೆ ನನಗೆ ಶಾಲೆ. ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟು, ಮಂಡಕ್ಕಿ ತುಳಿಯುತ್ತಾ ಒಳಗೆ ಹೋಗಿ, ಎಲ್ಲರಿಗೂ ಇನ್ನೊಮ್ಮೆ ಹೋಳಿಗೆ ಬಿಸಿ ಮಾಡಿದೆ.